ಹದಿನಾರು ಮೂಲೆಯ ಪಾಠ

ಅರಸೀಕೆರೆಯ ಈಶ್ವರ ದೇವಾಲಯಕ್ಕೆ ಎಂಟು ನೂರು ವರ್ಷ ತುಂಬಿದೆ. ಹೊಯ್ಸಳರ ಕಾಲದಲ್ಲಿ, 1220ರ ಸುಮಾರಿಗೆ ಕಟ್ಟಿದ್ದು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಇದರ ಹೆಸರು ಅಲ್ಲಿರಲಿಲ್ಲ. ಆದರೂ ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಷ್ಟ್ರಿಗೆ ಬೇಲೂರಿಗಿಂತ ಇದೇ ಹೆಚ್ಚು ಅನುಕೂಲ. ಇದರ ತಳವಿನ್ಯಾಸದಲ್ಲಿ ಹದಿನಾರು ಮೂಲೆಯ ನಕ್ಷತ್ರವಿದೆ. ಆ ನಕ್ಷತ್ರವನ್ನು ಬಿಡಿಸುವ ಬಗೆಯನ್ನು ಮೂರು ವಾಕ್ಯದಲ್ಲಿ ಹೇಳಿ ಮುಗಿಸಬಹುದು.

ಒಂದು ಚೌಕ ಬರೆಯಬೇಕು. ನಡುಬಿಂದು ಕದಲದಂತೆ ಅದನ್ನು 22.5 ಡಿಗ್ರಿ ತಿರುಗಿಸಿ ಮತ್ತೆ ಬರೆಯಬೇಕು. ನಾಲ್ಕು ಚೌಕ ಆಗುವವರೆಗೆ ಇದನ್ನೇ ಮಾಡುತ್ತ ಹೋಗಬೇಕು.

ಚೌಕಕ್ಕೆ ನಾಲ್ಕರಂತೆ ನಾಲ್ಕು ಚೌಕಕ್ಕೆ ಹದಿನಾರು ಮೂಲೆ. ಚೌಕವನ್ನು ನಡುಬಿಂದುವಿನ ಸುತ್ತ ತಿರುಗಿಸಿ ನಕ್ಷತ್ರ ಪಡೆಯುವ ಈ ಕ್ರಮ ಹೊಯ್ಸಳ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತನೇ ತರಗತಿಯ ವಿದ್ಯಾರ್ಥಿ ಇದನ್ನೇ ಪೈಥಾನ್ ಭಾಷೆಯ ಟರ್ಟಲ್ ಎಂಬ ಸೌಲಭ್ಯದಲ್ಲಿ ಬರೆದರೆ, ಪರದೆಯ ಮೇಲೆ ಒಂದು ಪುಟ್ಟ ಆಮೆ ಗೆರೆ ಎಳೆಯುತ್ತ ನಕ್ಷತ್ರ ಮೂಡಿಸುತ್ತದೆ. ಈ ಆಮೆಗೂ ವಯಸ್ಸಾಗಿದೆ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್, ವ್ಯಾಲಿ ಫೋಯರ್‌ಜಿಗ್, ಸಿಂಥಿಯಾ ಸಾಲಮನ್ ಸೇರಿ ಮಕ್ಕಳಿಗೆಂದೇ ರೂಪಿಸಿದ ಲೋಗೊ ಭಾಷೆಯ ಸಂತತಿ ಅದು. ಮೊದಮೊದಲು ಅದು ನೆಲದ ಮೇಲೆ ಓಡಾಡುವ ನಿಜವಾದ ಯಂತ್ರವಾಗಿತ್ತು.

ಇನ್ನು ತಪ್ಪುಗಳು. ಮೊದಲ ಸಲ ಬರೆಯುವ ಮಕ್ಕಳಲ್ಲಿ ಹಲವರು ಚೌಕದ ನಡುಬಿಂದುವನ್ನು ಹಿಡಿಯದೆ ಒಂದು ಮೂಲೆಯನ್ನು ಹಿಡಿದು ತಿರುಗಿಸುತ್ತಾರೆ. ಆಗ ನಕ್ಷತ್ರ ಬರುವುದಿಲ್ಲ, ಬಿಚ್ಚಿದ ಬೀಸಣಿಗೆಯ ಆಕಾರ ಬರುತ್ತದೆ. ದಶಾಂಶ ಯಾಕೆ ಎಂದು 22.5ರ ಬದಲು 22 ಎಂದು ಕೊಟ್ಟವರಿಗೆ ನಕ್ಷತ್ರ ಬರುತ್ತದೆ, ಆದರೆ ಸರಿಯಾದದ್ದಲ್ಲ: ನಾಲ್ಕು ಚೌಕಗಳು 0, 22, 44, 66 ಡಿಗ್ರಿಯಲ್ಲಿ ಕೂತು, ಕೊನೆಯ ಸಂದಿಗೆ 24 ಡಿಗ್ರಿ ಉಳಿದುಬಿಡುತ್ತದೆ. ಕಣ್ಣಿಗೆ ಮೊದಲು ಕಾಣುವುದಿಲ್ಲ, ಹುಡುಕಿದರೆ ಸಿಗುತ್ತದೆ. ಯಂತ್ರ ತಪ್ಪು ಮಾಡಿಲ್ಲ, ಹೇಳಿದ್ದನ್ನೇ ಮಾಡಿದೆ. ಹೇಳಿದ್ದರಲ್ಲಿ ಎಲ್ಲಿ ಎಡವಟ್ಟಾಯಿತು ಎಂದು ಸಾಲು ಸಾಲಾಗಿ ನೋಡುತ್ತ ಹೋಗುವುದಕ್ಕೆ ಡೀಬಗ್ ಮಾಡುವುದು ಎನ್ನುತ್ತಾರೆ. ಇಡೀ ವಿಷಯದಲ್ಲಿ ಮಕ್ಕಳು ಕಲಿಯಬೇಕಾದದ್ದು ಒಂದೇ ಒಂದು ಎಂದು ಯಾರಾದರೂ ಹಟ ಹಿಡಿದರೆ, ಇದನ್ನೇ ತೋರಿಸಬೇಕು.

ಈ ಒಂದು ಚಿತ್ರದಲ್ಲಿ ಕಂಪ್ಯೂಟರ್ ವಿಜ್ಞಾನದ ಮೊದಲ ವರ್ಷದ ಪಾಠಗಳು ಸಾಕಷ್ಟು ಅಡಗಿವೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು ಲೂಪ್. ಚೌಕಗಳ ಸಂಖ್ಯೆಗೊಂದು ಹೆಸರು ಕೊಟ್ಟು, ಬೇಕೆಂದಾಗ ಅದರ ಬೆಲೆ ಬದಲಿಸುವಂತೆ ಇಟ್ಟುಕೊಂಡರೆ ಅದು ವೇರಿಯಬಲ್. ಚೌಕ ಎಷ್ಟು ಎಂದು ಹೇಳಿದರೆ 90ನ್ನು ಅದರಿಂದ ಭಾಗಿಸಿ ಕೋನವನ್ನು ತಾನೇ ಲೆಕ್ಕ ಹಾಕಿ ನಕ್ಷತ್ರ ಬಿಡಿಸುವಂತೆ ಎಲ್ಲವನ್ನೂ ಒಂದು ಕಟ್ಟಾಗಿ ಕಟ್ಟಿದರೆ ಅದು ಫಂಕ್ಷನ್. ಎರಡು ಎಂದು ಕೊಟ್ಟರೆ ಎಂಟು ಮೂಲೆ. ಎಂಟು ಎಂದು ಕೊಟ್ಟರೆ ಕೋನ 11.25 ಡಿಗ್ರಿ ಆಗಿ ಮೂವತ್ತೆರಡು ಮೂಲೆ.

ಕಂಪ್ಯೂಟರ್ ಬಳಸುವುದು ಬೇರೆ, ಕಂಪ್ಯೂಟರ್ ವಿಜ್ಞಾನ ಬೇರೆ. ನಮ್ಮಲ್ಲಿ ಈ ಎರಡೂ ಬಹುಕಾಲ ಒಂದರೊಳಗೊಂದು ಬೆರೆತುಹೋಗಿದ್ದವು. ಭಾರತ ಸರ್ಕಾರ ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟದ್ದು 1984ರಲ್ಲಿ, ಕ್ಲಾಸ್ ಎಂಬ ಹೆಸರಿನ ಯೋಜನೆಯಲ್ಲಿ. ಆಗ ಬಂದದ್ದು ಬ್ರಿಟನ್ನಿನ ಬಿಬಿಸಿ ಮೈಕ್ರೊ ಯಂತ್ರಗಳು. ಕರ್ನಾಟಕದಲ್ಲಿ ಈ ಶತಮಾನದ ಮೊದಲ ವರ್ಷಗಳಲ್ಲಿ ಮಾಹಿತಿ ಸಿಂಧು ಬಂತು, ಅದರ ಹಿಂದೆ ಕೇಂದ್ರದ ಐಸಿಟಿ ಯೋಜನೆ ಬಂತು. ಪ್ರೌಢಶಾಲೆಗಳಲ್ಲಿ ಲ್ಯಾಬ್‌ಗಳಾದವು. ಮಕ್ಕಳು ಮೌಸ್ ಹಿಡಿಯುವುದು, ಪೇಂಟ್‌ನಲ್ಲಿ ಮನೆ ಬರೆಯುವುದು, ಪತ್ರ ಟೈಪ್ ಮಾಡುವುದು, ಸ್ಲೈಡ್ ಜೋಡಿಸುವುದು ಕಲಿತರು. ಇವು ಬೇಡವಾದ ಕೌಶಲಗಳೇನಲ್ಲ. ಆದರೆ ಟೈಪಿಂಗ್ ಕಲಿತವನಿಗೆ ಟೈಪ್‌ರೈಟರ್ ಹೇಗೆ ಕೆಲಸ ಮಾಡುತ್ತದೆಂದು ಗೊತ್ತಾಗಬೇಕಿಲ್ಲವಲ್ಲ.

ಈಗಲೂ ಯಾವ ಮಗು ಏನು ಕಲಿಯುತ್ತದೆ ಎನ್ನುವುದು ಅದು ಸೇರಿದ ಶಾಲೆಯ ಬೋರ್ಡಿಗೆ ಬಿಟ್ಟ ವಿಚಾರ. ಐಸಿಎಸ್‌ಇ ಶಾಲೆಯಲ್ಲಿ ಕಂಪ್ಯೂಟರ್ ಅಪ್ಲಿಕೇಶನ್ಸ್ ತೆಗೆದುಕೊಂಡವರು ಒಂಬತ್ತು, ಹತ್ತರಲ್ಲೇ ಜಾವಾ ಬರೆಯುತ್ತಾರೆ. ಸಿಬಿಎಸ್‌ಇಯಲ್ಲಿ 2019ರಿಂದ ಒಂಬತ್ತನೇ ತರಗತಿಗೆ ಕೃತಕ ಬುದ್ಧಿಮತ್ತೆಯೂ ಐಚ್ಛಿಕ ವಿಷಯವಾಗಿ ಬಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಮಾಧ್ಯಮಿಕ ಹಂತದಿಂದಲೇ ಕೋಡಿಂಗ್ ಇರಲಿ ಎಂದಿತು. ಎನ್‌ಸಿಇಆರ್‌ಟಿ 2019ರಲ್ಲಿ ಹನ್ನೊಂದನೇ ತರಗತಿಗೆ ತಂದ ಪುಸ್ತಕ ಪೈಥಾನ್ ಮೇಲೆ ನಿಂತಿದೆ. ಸಂಖ್ಯಾ ಪದ್ಧತಿ, ಸಮಸ್ಯೆ ಬಿಡಿಸುವ ಕ್ರಮ, ಲೂಪ್, ಫಂಕ್ಷನ್, ಲಿಸ್ಟ್, ಕೊನೆಗೆ ಕಂಪ್ಯೂಟರಿನಿಂದ ಸಮಾಜಕ್ಕಾಗುವ ಪರಿಣಾಮ, ಇಷ್ಟು ಅದರ ಹರಹು. ಕರ್ನಾಟಕದ ಪಿಯು ಕಾಲೇಜುಗಳಲ್ಲಿ ಬಹುಕಾಲ ಸಿ ಪ್ಲಸ್ ಪ್ಲಸ್ ನಡೆಯಿತು.

ರಾಜ್ಯ ಪಠ್ಯಕ್ರಮದ ಪ್ರೌಢಶಾಲೆಯ ಕತೆ ಬೇರೆ. ಎಸ್ಸೆಸ್ಸೆಲ್ಸಿಯ 625 ಅಂಕಗಳು ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಹಂಚಿಹೋಗಿವೆ. ಕೆಲವು ಶಾಲೆಗಳಲ್ಲಿ ವೃತ್ತಿಶಿಕ್ಷಣದ ಭಾಗವಾಗಿ ಮಾಹಿತಿ ತಂತ್ರಜ್ಞಾನ ಇದೆ ಎನ್ನುವುದನ್ನು ಬಿಟ್ಟರೆ, ಕಂಪ್ಯೂಟರಿಗೆಂದು ಅಂಕವಿಲ್ಲ. ಅಂಕವಿಲ್ಲದ ವಿಷಯದ ಪಿರಿಯಡ್ ಡಿಸೆಂಬರ್ ಬರುತ್ತಿದ್ದಂತೆ ಯಾರ ಪಾಲಾಗುತ್ತದೆ ಎಂದು ಯಾವ ಮೇಷ್ಟ್ರನ್ನೂ ಕೇಳಬೇಕಿಲ್ಲ. ಗಣಿತದವರಿಗೆ ಪುನರಾವರ್ತನೆ ಮಾಡಿಸಬೇಕು, ವಿಜ್ಞಾನದವರಿಗೆ ಪಾಠ ಮುಗಿಸಬೇಕು. ಲ್ಯಾಬಿನ ಬೀಗ ಹಾಗೇ ಉಳಿಯುತ್ತದೆ.

ಇದರಲ್ಲಿ ಒಂದು ವಿಚಿತ್ರವೂ ಇದೆ. ಕಂಪ್ಯೂಟರ್ ವಿಜ್ಞಾನದ ಬುಡದಲ್ಲಿರುವ ಎರಡಂಕಿಯ ಲೆಕ್ಕವನ್ನು, ಅಂದರೆ ಬೈನರಿಯನ್ನು, ಈ ಮಕ್ಕಳು ಆಗಲೇ ಕಲಿತಿರುತ್ತಾರೆ, ಕನ್ನಡ ಪಿರಿಯಡ್‌ನಲ್ಲಿ. ಛಂದಸ್ಸಿನ ಪಾಠದಲ್ಲಿ ಪದ್ಯದ ಸಾಲಿಗೆ ಪ್ರಸ್ತಾರ ಹಾಕುವಾಗ ಪ್ರತಿ ಅಕ್ಷರವೂ ಲಘು ಅಥವಾ ಗುರು, ಮೂರನೆಯದಿಲ್ಲ. ಮೂರು ಅಕ್ಷರದ ಗಣ ಎಂಟೇ ಯಾಕೆ, ಏಳೋ ಒಂಬತ್ತೋ ಯಾಕಲ್ಲ? ಪ್ರತಿ ಸ್ಥಾನಕ್ಕೂ ಎರಡು ಆಯ್ಕೆ, ಮೂರು ಸ್ಥಾನ, ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು. ಲಘುವಿಗೆ ಸೊನ್ನೆ, ಗುರುವಿಗೆ ಒಂದು ಎಂದು ಬರೆದುಕೊಂಡರೆ ನ ಗಣ 000, ಅಂದರೆ ಸೊನ್ನೆ. ಸ ಗಣ 001, ಒಂದು. ಜ ಗಣ 010, ಎರಡು. ಯ ಮೂರು, ಭ ನಾಲ್ಕು, ರ ಐದು, ತ ಆರು. ಮೂರೂ ಗುರುವಾದ ಮ ಗಣ 111, ಏಳು. ಸೊನ್ನೆಯಿಂದ ಏಳರವರೆಗೆ ಒಂದೂ ಬಿಡದೆ ಎಲ್ಲ ಸಂಖ್ಯೆಯೂ ಬಂತು.

ಇದು ಎಳೆದು ತಂದ ಹೋಲಿಕೆಯಲ್ಲ. ಪಿಂಗಳನ ಛಂದಃಶಾಸ್ತ್ರದಲ್ಲೇ ಇದರ ಗಣಿತವಿದೆ. ಇಂಥ ಪಟ್ಟಿಯಲ್ಲಿ ಸಾಲಿನ ಸಂಖ್ಯೆ ಕೊಟ್ಟರೆ ಲಘು ಗುರುಗಳ ವಿನ್ಯಾಸ ಕಂಡುಹಿಡಿಯುವುದಕ್ಕೆ ನಷ್ಟ ಎಂದೂ, ವಿನ್ಯಾಸ ಕೊಟ್ಟರೆ ಅದು ಎಷ್ಟನೆಯ ಸಾಲು ಎಂದು ಹೇಳುವುದಕ್ಕೆ ಉದ್ದಿಷ್ಟ ಎಂದೂ ಹೆಸರು. ಎಣಿಕೆಯ ದಿಕ್ಕು ಮತ್ತು ಆರಂಭದ ಸಂಖ್ಯೆ ಇಂದಿನ ಬೈನರಿಗಿಂತ ತುಸು ಬೇರೆ, ಕೆಲಸ ಒಂದೇ. ಕನ್ನಡದಲ್ಲಿ ಹತ್ತನೆಯ ಶತಮಾನದ ನಾಗವರ್ಮ ಛಂದೋಂಬುಧಿ ಬರೆದ ಮೇಲೆ ಈ ವಿದ್ಯೆ ನಮ್ಮ ಕಾವ್ಯದ ಓದಿಗೆ ಅಂಟಿಕೊಂಡೇ ಬಂದಿದೆ. ಕನ್ನಡ ಮೇಷ್ಟ್ರು ಮತ್ತು ಕಂಪ್ಯೂಟರ್ ಮೇಷ್ಟ್ರು ಒಂದು ದಿನ ಒಟ್ಟಿಗೆ ಕೂತರೆ ಬೈನರಿ ಪಾಠಕ್ಕೆ ಒಂದು ಪಿರಿಯಡ್ ಸಾಕು.

ಹಾಗೆಯೇ ಅಕ್ಷರ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯೂನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ಮೀಸಲಾಗಿದೆ. ಅದರಲ್ಲಿ ಕ ಎಂದರೆ 3221. ಸ್ವರಚಿಹ್ನೆಗಳಿಗೂ ಒತ್ತಕ್ಷರ ಕೂಡಿಸುವ ಅರ್ಧಾಕ್ಷರ ಚಿಹ್ನೆಗೂ ಪ್ರತ್ಯೇಕ ಸಂಖ್ಯೆಗಳಿವೆ. ಆದ್ದರಿಂದ ಪದದ ಉದ್ದ ಎಷ್ಟು ಎಂದು ಪೈಥಾನನ್ನು ಕೇಳಿದರೆ ಬರುವ ಉತ್ತರ ಮಕ್ಕಳನ್ನು ತಬ್ಬಿಬ್ಬು ಮಾಡುತ್ತದೆ. ಬೇಲೂರು ನಮಗೆ ಮೂರು ಅಕ್ಷರ, ಪೈಥಾನಿಗೆ ಆರು. ಹಳೇಬೀಡು ನಮಗೆ ನಾಲ್ಕು, ಅದಕ್ಕೆ ಏಳು. ಅರಸೀಕೆರೆ ನಮಗೆ ಐದು, ಅದಕ್ಕೆ ಎಂಟು. ಯಾಕೆ ಎಂದು ಮಕ್ಕಳೇ ಕಂಡುಕೊಳ್ಳಲಿ ಎಂದು ಬಿಟ್ಟುಬಿಟ್ಟರೆ, ಕಾಗುಣಿತ ಬಲ್ಲ ಯಾವ ಮಗುವಾದರೂ ಸ್ವಲ್ಪ ಹೊತ್ತಿನಲ್ಲೇ ಹಿಡಿಯುತ್ತದೆ. ಇಂಗ್ಲಿಷ್ ಪಠ್ಯದಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ, ಅಲ್ಲಿ ಅಕ್ಷರಕ್ಕೊಂದು ಸಂಖ್ಯೆ ಇಟ್ಟು ಮುಂದೆ ಹೋಗುತ್ತಾರೆ. ಕನ್ನಡದ ಮಗುವಿಗೆ ಇಲ್ಲಿ ಒಂದು ಪಾಠ ಹೆಚ್ಚು ಸಿಗುತ್ತದೆ. ಇಲ್ಲೇ ಇನ್ನೊಂದು ಸ್ವಾರಸ್ಯ: ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಬೆಲೆ, ಅಂಕ, ಚೌಕ ಎಂದು ಕನ್ನಡದಲ್ಲೇ ಹೆಸರಿಡಬಹುದು. ಉದ್ಧರಣ ಚಿಹ್ನೆಯೊಳಗೆ ೨೫ ಎಂದು ಬರೆದು ಅದನ್ನು ಪೂರ್ಣಾಂಕವಾಗಿಸು ಎಂದರೆ 25 ಎಂದು ಸರಿಯಾಗಿ ಓದಿಕೊಳ್ಳುತ್ತದೆ. ಆದರೆ ಅದೇ ೨೫ನ್ನು ನೇರವಾಗಿ ಲೆಕ್ಕದ ಸಾಲಿನಲ್ಲಿ ಬರೆದರೆ ತಪ್ಪು ಎನ್ನುತ್ತದೆ.

ಇವತ್ತು ಮೊಬೈಲಿನಲ್ಲಿ ಕನ್ನಡ ಬರೆಯುವ ಮಕ್ಕಳಿಗೆ ಇದೆಲ್ಲ ತಾನಾಗಿ ಬಂದದ್ದು ಎನಿಸಬಹುದು. ಕೆ.ಪಿ. ರಾವ್ ಅವರು ಕನ್ನಡದ ಉಚ್ಚಾರಕ್ಕೆ ಹೊಂದುವ ಕೀಲಿಮಣೆ ವಿನ್ಯಾಸ ಮಾಡಿದ್ದು, ಶೇಷಾದ್ರಿವಾಸು 1998ರಲ್ಲಿ ಬರಹ ತಂತ್ರಾಂಶ ಹೊರತಂದದ್ದು, ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶವನ್ನು ರೂಪಿಸಿದ್ದು ಪಠ್ಯದಲ್ಲಿ ಒಂದು ಪುಟವಾದರೂ ಇರಬೇಕಾದ ಇತಿಹಾಸ.

ಅರಸೀಕೆರೆ ಎಂದರೆ ತೆಂಗು, ಕೊಬ್ಬರಿ, ಮತ್ತು ರೈಲು. ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಹೋಗುವ ಮಾರ್ಗದಿಂದ ಹಾಸನದ ಕಡೆಯ ಹಳಿ ಕವಲೊಡೆಯುವುದು ಈ ಜಂಕ್ಷನ್‌ನಲ್ಲೇ. ಕವಲು ಇದ್ದಲ್ಲಿ ತರ್ಕ ಇರಲೇಬೇಕು. ಹಾಸನದ ಕಡೆ ಹೋಗುವ ಗಾಡಿಗೆ ಸಿಗ್ನಲ್ ಹಸಿರಾಗಲು ಏನೇನು ಬೇಕು? ಪಾಯಿಂಟ್ ಹಾಸನದ ದಿಕ್ಕಿಗೆ ಭದ್ರವಾಗಿ ಕೂತಿರಬೇಕು, ಮುಂದಿನ ಹಳಿ ಖಾಲಿ ಇರಬೇಕು, ಅದೇ ಹಳಿಗೆ ಎದುರಿನಿಂದ ಬರುವ ಗಾಡಿಯ ಸಿಗ್ನಲ್ ಕೆಂಪಾಗಿರಬೇಕು. ನಿಜವಾದ ನಿಲ್ದಾಣದಲ್ಲಿ ಷರತ್ತುಗಳು ಇನ್ನೂ ಹೆಚ್ಚು. ಪಾಠಕ್ಕೆ ಮೂರು ಸಾಕು. ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ. ಎಲ್ಲ ಸಾಧ್ಯತೆಗಳನ್ನು ಪಟ್ಟಿ ಮಾಡಿದರೆ ಎಂಟು ಸಾಲು, ಅದೇ ಎಂಟು ಗಣಗಳ ಪಟ್ಟಿ. ಹಸಿರು ಬರುವುದು ಅದರಲ್ಲಿ ಒಂದೇ ಸಾಲಿಗೆ, ಮೂರೂ ಗುರುವಾದ ಮ ಗಣಕ್ಕೆ. ಉಳಿದ ಏಳಕ್ಕೂ ಕೆಂಪು.

ಹೌದು ಇಲ್ಲಗಳ ಈ ಬೀಜಗಣಿತಕ್ಕೆ ರೂಪ ಕೊಟ್ಟವನು ಇಂಗ್ಲೆಂಡಿನ ಜಾರ್ಜ್ ಬೂಲ್. ಅವನ ಮುಖ್ಯ ಗ್ರಂಥ 1854ರದ್ದು. ವಿದ್ಯುತ್ ರಿಲೇಗಳನ್ನು ಜೋಡಿಸಿ ಇದೇ ಬೀಜಗಣಿತವನ್ನು ಯಂತ್ರದಿಂದ ಮಾಡಿಸಬಹುದು ಎಂದು 1937ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ತೋರಿಸಿದವನು ಕ್ಲಾಡ್ ಶಾನನ್. ರೈಲ್ವೆಯ ಇಂಟರ್‌ಲಾಕಿಂಗ್ ವ್ಯವಸ್ಥೆ ನಡೆಯುವುದು ಇಂಥ ತರ್ಕದ ಮೇಲೆಯೇ. ಮಕ್ಕಳು ಪ್ರೋಗ್ರಾಮಿನಲ್ಲಿ ಬರೆಯುವ ಇಫ್, ಆ್ಯಂಡ್, ಆರ್, ನಾಟ್ ಪದಗಳ ಹಿಂದೆ ಇರುವುದೂ ಇದೇ.

ಹಾಸನ ಪಟ್ಟಣಕ್ಕೆ ಬಂದರೆ ಇನ್ನೊಂದು ಪಾಠ ಕಾದಿದೆ. 1982ರಿಂದ ಅಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಇನ್ಸಾಟ್ ಸರಣಿಯಂಥ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಕೆಲಸ ಅದರದ್ದು. ಶಿಕ್ಷಣಕ್ಕೆಂದೇ 2004ರ ಸೆಪ್ಟೆಂಬರಿನಲ್ಲಿ ಹಾರಿಸಿದ ಎಜುಸ್ಯಾಟ್‌ನ ಕಾವಲೂ ಇಲ್ಲಿಂದಲೇ ನಡೆಯುತ್ತಿತ್ತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಆ ಉಪಗ್ರಹದಿಂದ ಪಾಠಗಳು ಬಂದವು. ಸುಮಾರು 36,000 ಕಿಲೋಮೀಟರ್ ಎತ್ತರಕ್ಕೆ ಒಂದು ಆಜ್ಞೆ ಕಳಿಸಿದರೆ ಅದು ತಲುಪಲು ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಹೊತ್ತು. ದಾರಿಯಲ್ಲಿ ಒಂದು ಸೊನ್ನೆ ಒಂದಾಗಿಬಿಟ್ಟರೆ?

ಇದಕ್ಕೆ ಶಾಲೆಯಲ್ಲಿ ಕಲಿಸುವ ತೀರ ಸರಳ ಉಪಾಯದ ಹೆಸರು ಪ್ಯಾರಿಟಿ. ಕಳಿಸುವ ಅಂಕಿಗಳಲ್ಲಿ ಒಂದುಗಳ ಸಂಖ್ಯೆ ಯಾವಾಗಲೂ ಸಮವಾಗಿರುವಂತೆ ಕೊನೆಯಲ್ಲೊಂದು ಅಂಕಿ ಸೇರಿಸುವುದು. ರ ಗಣ 101, ಅದರಲ್ಲಿ ಎರಡು ಒಂದುಗಳಿವೆ, ಆದ್ದರಿಂದ ಸೊನ್ನೆ ಸೇರಿಸಿ 1010 ಎಂದು ಕಳಿಸಬೇಕು. ಅತ್ತ ಕಡೆ 1110 ಎಂದು ತಲುಪಿದರೆ ಒಂದುಗಳು ಮೂರಾದವು, ಎಲ್ಲೋ ಕೆಟ್ಟಿದೆ, ಮತ್ತೆ ಕಳಿಸಿ ಎನ್ನಬಹುದು. ಎರಡು ಅಂಕಿ ಒಟ್ಟಿಗೆ ಕೆಟ್ಟರೆ ಈ ಉಪಾಯ ಮೋಸಹೋಗುತ್ತದೆ. ತರಗತಿಯಲ್ಲಿ ಯಾರಾದರೂ ಈ ಪ್ರಶ್ನೆ ಎತ್ತಿದರೆ ಪಾಠ ಚೆನ್ನಾಗಿ ಆಗಿದೆ ಎಂದೇ ಅರ್ಥ. ಉಪಗ್ರಹಗಳಿಗೆ ಇದಕ್ಕಿಂತ ಗಟ್ಟಿಯಾದ ವಿಧಾನಗಳನ್ನು ಬಳಸುತ್ತಾರೆ.

ಹುಡುಕುವ ಪಾಠವೂ ಪ್ರತಿ ಪಠ್ಯಕ್ರಮದಲ್ಲಿದೆ. ಅಕಾರಾದಿಯಾಗಿ ಜೋಡಿಸಿದ ಸಾವಿರ ಹೆಸರಿನ ಪಟ್ಟಿಯಲ್ಲಿ ಒಂದು ಹೆಸರು ಹುಡುಕಲು ಮೊದಲಿಂದ ನೋಡುತ್ತ ಹೋದರೆ ಸಾವಿರದವರೆಗೂ ಹೋಗಬೇಕಾಗಬಹುದು. ಸರಿಯಾಗಿ ಮಧ್ಯದ ಹೆಸರು ನೋಡಿ, ಬೇಕಾದ್ದು ಮುಂದಿದೆಯೋ ಹಿಂದಿದೆಯೋ ತಿಳಿದು, ಅರ್ಧ ಪಟ್ಟಿ ಬಿಟ್ಟುಬಿಡುತ್ತ ಹೋದರೆ ಹತ್ತು ನೋಟದಲ್ಲಿ ಮುಗಿಯುತ್ತದೆ. ಪಟ್ಟಿ ಹತ್ತು ಲಕ್ಷಕ್ಕೆ ಬೆಳೆದರೂ ನೋಟ ಇಪ್ಪತ್ತಕ್ಕೆ ನಿಲ್ಲುತ್ತದೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ಗೋಗರೆಯುವುದು ಯಾಕೆ ಎಂಬುದೂ ಇಂಥದೇ ಲೆಕ್ಕ. ಆರು ಅಂಕಿಗೆ ಹತ್ತು ಲಕ್ಷ ಸಾಧ್ಯತೆ, ಊಹಿಸಿ ಹೊಡೆಯುವುದು ಕಷ್ಟ. ಅದಕ್ಕೇ ಕಳ್ಳ ಊಹಿಸುವುದಿಲ್ಲ, ಫೋನ್ ಮಾಡಿ ಕೇಳುತ್ತಾನೆ. ಹಣ ಹೋದರೆ 1930ಕ್ಕೆ ಕರೆ ಮಾಡಬೇಕೆಂಬುದನ್ನು ಮಕ್ಕಳು ಮನೆಯವರಿಗೆ ಹೇಳಿಕೊಟ್ಟರೆ, ಇಡೀ ವರ್ಷದ ಪಾಠದಲ್ಲಿ ಮನೆಗೆ ಮೊದಲು ಉಪಯೋಗಕ್ಕೆ ಬರುವುದು ಅದೇ.

ಇದನ್ನೆಲ್ಲ ಕನ್ನಡದಲ್ಲಿ ಕಲಿಸಲಾದೀತೇ ಎಂದು ಅನುಮಾನಪಡುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳದಲ್ಲಿ ಐಟಿ@ಸ್ಕೂಲ್ ಯೋಜನೆ ಬಂದ ಮೇಲೆ ಪ್ರೌಢಶಾಲೆಯಲ್ಲಿ ಮಾಹಿತಿ ತಂತ್ರಜ್ಞಾನ ಕಡ್ಡಾಯ ವಿಷಯವಾಯಿತು, ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಪುಸ್ತಕ ಕನ್ನಡದಲ್ಲೇ ಬರುತ್ತದೆ. ಅವರ ಲ್ಯಾಬ್‌ಗಳಲ್ಲಿ ನಡೆಯುವುದು ಉಚಿತವಾದ ಲಿನಕ್ಸ್. ನಕ್ಷೆ ಓದಲು, ಚಿತ್ರ ತಿದ್ದಲು, ದತ್ತಾಂಶ ಜೋಡಿಸಲು ಬೇಕಾದ ತಂತ್ರಾಂಶಗಳೂ ಉಚಿತವಾದವೇ. ಪೈಥಾನ್‌ನಲ್ಲಿ ಆಮೆಯಿಂದ ಚಿತ್ರ ಬಿಡಿಸುವ ಪಾಠ ಅವರ ಹತ್ತನೇ ತರಗತಿಯ ಪುಸ್ತಕದಲ್ಲಿತ್ತು. 2018ರಿಂದ ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕ್ಲಬ್‌ಗಳೂ ಶಾಲೆಗಳಲ್ಲಿವೆ. ಭಾಷೆ ಅದೇ ಕನ್ನಡ. ಗಡಿಯ ಆಚೆ ಅಂಕ ಇದೆ, ಈಚೆ ಇಲ್ಲ. ಕರ್ನಾಟಕದಲ್ಲಿ ಯಂತ್ರ ಕೊಡುವ ಯೋಜನೆಗಳು ಒಂದಾದ ಮೇಲೊಂದು ಬಂದಿವೆ. ಶಿಕ್ಷಕರಿಗೆ ತರಬೇತಿ ಕೊಡುವ ಟಾಲ್ಪ್ ಕೂಡ ಬಂದಿದೆ. ವೇಳಾಪಟ್ಟಿಯಲ್ಲಿ ಯಾರೂ ಕಸಿದುಕೊಳ್ಳಲಾಗದ ಒಂದು ಪಿರಿಯಡ್ ಮಾತ್ರ ಇನ್ನೂ ಬಂದಿಲ್ಲ.

ಲ್ಯಾಬ್ ಇಲ್ಲದ, ಇದ್ದರೂ ಕರೆಂಟಿಲ್ಲದ ಶಾಲೆಗೂ ದಾರಿ ಇದೆ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಯಂತ್ರವೇ ಇಲ್ಲದೆ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು ಕಟ್ಟಿದರು. ಅವನ್ನು ಅನ್‌ಪ್ಲಗ್ಡ್ ಎಂದು ಕರೆಯುತ್ತಾರೆ. ಭಾರತದಲ್ಲಿ ಎಸಿಎಂ ಇಂಡಿಯಾ ಸಂಸ್ಥೆಯ ಸಿಎಸ್‌ಪಾಠಶಾಲಾ 2016ರಿಂದ ಇದೇ ಜಾಡಿನಲ್ಲಿದೆ. ಲಿಥುವೇನಿಯಾದಲ್ಲಿ 2004ರಲ್ಲಿ ಹುಟ್ಟಿದ ಬೆಬ್ರಾಸ್ ಎಂಬ ಒಗಟಿನ ಸ್ಪರ್ಧೆಯನ್ನು ಇಲ್ಲಿ ನಡೆಸುವವರೂ ಅವರೇ. ಕೋಡ್ ಬರೆಯಲು ಬಾರದ ಮಗುವೂ ಅದರ ಒಗಟುಗಳನ್ನು ಬಿಡಿಸಬಹುದು.

ಅನ್‌ಪ್ಲಗ್ಡ್ ಆಟಗಳಲ್ಲಿ ಎಲ್ಲಕ್ಕಿಂತ ಸುಲಭವಾದದ್ದಕ್ಕೆ ಐದು ರಟ್ಟಿನ ತುಂಡು ಸಾಕು. ಅವುಗಳ ಮೇಲೆ 16, 8, 4, 2, 1 ಎಂದು ಬರೆದು ಐದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸುವುದು. ತರಗತಿಯಲ್ಲಿ ಒಬ್ಬರು ತಮ್ಮ ಹುಟ್ಟಿದ ತಾರೀಕು ಹೇಳುತ್ತಾರೆ, 21 ಎನ್ನಿ. ಮೊತ್ತ 21 ಆಗುವಂತೆ ಕೆಲವರು ರಟ್ಟು ಎತ್ತಬೇಕು, ಉಳಿದವರು ಇಳಿಸಿಕೊಂಡಿರಬೇಕು. 16, 4, 1 ಮೇಲೇಳುತ್ತವೆ. ಎತ್ತಿದ್ದು ಒಂದು, ಇಳಿಸಿದ್ದು ಸೊನ್ನೆ ಎಂದು ಕಪ್ಪುಹಲಗೆಯ ಮೇಲೆ ಬರೆದರೆ 10101. ಐವರೂ ಎತ್ತಿದರೆ 31, ತಿಂಗಳ ಕೊನೆಯ ತಾರೀಕಿನವರೆಗೆ ಎಲ್ಲವೂ ಸಿಕ್ಕಿತು. ಆರನೆಯ ಹುಡುಗಿಯನ್ನು ಕರೆದು ಅವಳ ರಟ್ಟಿನ ಮೇಲೆ ಏನು ಬರೆಯಬೇಕು ಎಂದು ಕೇಳಿದರೆ, ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ. ಕರೆಂಟು ಬಂದ ದಿನ ಇದೇ ಆಟವನ್ನು ಪೈಥಾನ್‌ನಲ್ಲಿ ಬರೆಯಿಸಬಹುದು. ಅದಕ್ಕೆ ಬೇಕಾದದ್ದು ಒಂದು ಲೂಪ್, ಒಂದು ಇಫ್, ಏಳೆಂಟು ಸಾಲು.